ಸನ್ನೆ ಮೊದಲೋ, ಸದ್ದು ಮೊದಲೋ?

ಭಾಷೆಯ ಹುಟ್ಟಿನ ಬಗ್ಗೆ ಸೆಮಿನಾರಿನಲ್ಲಿ ಒಂದೇ ವಾದ ಹಿಡಿಯಬೇಕಿದ್ದರೆ ಇವೆರಡನ್ನು ತೂಗಿ ನೋಡಿ: ಭಾಷೆ ಕೈಸನ್ನೆಯಿಂದ ಹುಟ್ಟಿತೆನ್ನುವ ಸನ್ನೆವಾದ, ಕೂಗಿನಿಂದ ಹುಟ್ಟಿತೆನ್ನುವ ಧ್ವನಿವಾದ.

ಸನ್ನೆವಾದಕ್ಕೆ ಚಿಂಪಾಂಜಿಗಳೇ ಬಲ. ಮನೆಯಲ್ಲಿ ಸಾಕಿ, ತುಟಿ ಹಿಡಿದು ತಿದ್ದಿದರೂ ವಿಕಿ ಎಂಬ ಚಿಂಪಾಂಜಿಗೆ ಬಂದದ್ದು ನಾಲ್ಕೇ ಪದ, ಅದೂ ಪಿಸುಮಾತಿನಂತೆ. 1966ರಿಂದ ಕೈಸನ್ನೆ ಕಲಿತ ವಾಶೋ ಎಂಬ ಇನ್ನೊಂದು ಚಿಂಪಾಂಜಿಗೆ ನೂರಕ್ಕೂ ಹೆಚ್ಚು ಸನ್ನೆ ಬಂದವು. ವಾದ ಎಡವುವುದು ಮುಂದೆ: ಕೈಯ ಭಾಷೆ ಬಾಯಿಗೇಕೆ ದಾಟಿತು? ಕತ್ತಲಲ್ಲಿ ಸನ್ನೆ ಕಾಣದು, ಕೈತುಂಬ ಕೆಲಸವಿದ್ದರೆ ಸನ್ನೆ ಮಾಡಲಾಗದು ಎಂದರೆ ಸಾಲದು. ಕಿವುಡರ ಸನ್ನೆಭಾಷೆಗಳಿಗೆ ಇಂದಿಗೂ ಯಾವ ಕೊರತೆಯೂ ಇಲ್ಲವಲ್ಲ.

ಧ್ವನಿವಾದಕ್ಕೆ ಈ ತೊಡಕಿಲ್ಲ. ವರ್ವೆಟ್ ಮಂಗಗಳು ಚಿರತೆ, ಹದ್ದು, ಹಾವಿಗೆ ಬೇರೆಬೇರೆ ಕೂಗು ಹಾಕುತ್ತವೆ. ಆದರೆ ಕೂಗಿನ ಸ್ವರೂಪ ಬಹುಪಾಲು ಹುಟ್ಟಿನಿಂದಲೇ ಬಂದದ್ದು, ಮಾತಿನಂತೆ ಕಲಿತದ್ದಲ್ಲ. ಇಸ್ರೇಲಿನ ಕೆಬಾರಾ ಗುಹೆಯಲ್ಲಿ ಸಿಕ್ಕ ನಿಯಾಂಡರ್ತಾಲ್ (ಅಳಿದುಹೋದ ಮಾನವ ಬಳಗ) ಒಬ್ಬನ ಹಯಾಯ್ಡ್, ಅಂದರೆ ನಾಲಿಗೆಯ ಬುಡದ ಮೂಳೆ, ನಮ್ಮದನ್ನೇ ಹೋಲುತ್ತದೆ, ನಿಜ. ಆದರೆ ಅವರ ಮಾತಿಗೆ ವ್ಯಾಕರಣವಿತ್ತೇ ಎಂದು ಮೂಳೆ ಹೇಳದು.

ಸಾಕ್ಷ್ಯ ಜೋಡಿಸಲು ಸನ್ನೆವಾದವೇ ಸಲೀಸು. ಬಾಯಿಗೆ ದಾಟಿದ ಪ್ರಶ್ನೆಗೆ ಮಾತ್ರ ಉತ್ತರ ಸಿದ್ಧವಿರಲಿ.