ಡಾರ್ಸಿಯ ಪತ್ರವನ್ನು ಓದಬೇಕೋ, ಕೇಳಬೇಕೋ?

ಕಾದಂಬರಿಯೊಳಗಿನ ಮನುಷ್ಯನ ಮೇಲೆ ಪ್ರೀತಿ ಹುಟ್ಟಬೇಕಾದರೆ ನನಗೆ ಅಚ್ಚಾದ ಪುಸ್ತಕವೇ ಬೇಕು. ಇದು ಬರೀ ಹಟದ ಮಾತಲ್ಲ. ಹಣ ಕೊಟ್ಟು ಆಡಿಯೋ ಪುಸ್ತಕ ಕೊಂಡು, ಮೊದಲಿನಿಂದ ಕೊನೆಯವರೆಗೆ ಕೇಳಿ, ನೊಂದುಕೊಂಡ ಮೇಲೆ ಹೇಳುತ್ತಿದ್ದೇನೆ.

ಜೇನ್ ಆಸ್ಟಿನ್ ಅವರ 1813ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಓದಿ ಹದಿನೆಂಟನೆಯ ವಯಸ್ಸಿನಲ್ಲಿ ಅದರ ನಾಯಕ ಡಾರ್ಸಿಗೆ ಮನಸೋತಿದ್ದೆ. ಆ ಪ್ರೀತಿ ಮತ್ತೊಮ್ಮೆ ಹುಟ್ಟೀತೇ ಎಂಬ ಆಸೆಯಿಂದ ಈ ವರ್ಷ ಅದನ್ನು ಮೂರು ಬಗೆಯಲ್ಲಿ ಹಿಡಿದೆ: ನನ್ನ ಹಳೆಯ ಪ್ರತಿ, ಮೊಬೈಲ್, ಆಡಿಯೋ.

ಮೊಬೈಲಿನ ವಿಷಯ ಬೇಗ ಮುಗಿಯುತ್ತದೆ. ಹಕ್ಕುಸ್ವಾಮ್ಯ ಎಂದೋ ತೀರಿದ ಕೃತಿಯಾದ್ದರಿಂದ ಉಚಿತವಾಗಿ ಸಿಗುತ್ತದೆ, ಕತ್ತಲಲ್ಲೂ ಓದಬಹುದು. ಆದರೆ ಡಾರ್ಸಿ ಬಾಯಿಬಿಟ್ಟು ಪ್ರೀತಿ ಹೇಳುವ ಹೊತ್ತಿಗೆ ಸರಿಯಾಗಿ ಯಾರದೋ ಸಂದೇಶ ಪರದೆಯ ಮೇಲೆ ಇಳಿಯಿತು.

ಆಡಿಯೋಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲೇಬೇಕು. ಪಾದ್ರಿ ಕಾಲಿನ್ಸ್‌ನ ಉದ್ದುದ್ದ ಮಾತುಗಳು ಕಣ್ಣಿಗಿಂತ ಕಿವಿಗೇ ಚೆನ್ನ. ತೊಡಕು ಬಂದದ್ದು ಡಾರ್ಸಿಯ ದನಿಯಲ್ಲಿ. ಎತ್ತರದ ನಿಲುವು, ಸುಂದರ ಮುಖ, ಗಂಭೀರ ಭಾವ ಎಂದಷ್ಟೇ ಹೇಳಿ ಆಸ್ಟಿನ್ ಅವನ ರೂಪದ ವರ್ಣನೆಯನ್ನು ಬಿಟ್ಟುಬಿಡುತ್ತಾರೆ. ಉಳಿದದ್ದನ್ನೆಲ್ಲ ತುಂಬಿಕೊಂಡವಳು ನಾನು. ನನ್ನ ಡಾರ್ಸಿಯ ದನಿ ತಗ್ಗಿನದು, ಮಾತಿನ ಅಭ್ಯಾಸವಿಲ್ಲದವನದು. ಆಡಿಯೋದಲ್ಲಿ ಓದಿದ ವಾಚಕರು ಕೊಟ್ಟದ್ದು ಉಕ್ಕಿನಂಥ ತಣ್ಣನೆಯ ದನಿ. ಮೊದಲರ್ಧದಲ್ಲಿ ಅದನ್ನೂ ಒಪ್ಪಿಕೊಂಡೆ.

35ನೆಯ ಅಧ್ಯಾಯದಲ್ಲಿ ಸೋತೆ. ಅದರ ಹಿಂದಿನ ಅಧ್ಯಾಯದಲ್ಲಿ ನಾಯಕಿ ಎಲಿಜಬೆತ್ ಅವನನ್ನು ನಿರಾಕರಿಸಿರುತ್ತಾಳೆ. ಮರುದಿನ ಬೆಳಗ್ಗೆ ಅವನು ಅವಳ ಕೈಗೆ ಪತ್ರವೊಂದನ್ನಿಟ್ಟು ಹೊರಟುಹೋಗುತ್ತಾನೆ. ಗಾಯಗೊಂಡ ಅಹಂಕಾರದಿಂದ ಶುರುವಾಗುವ ಆ ಪತ್ರ, ಅವನ ತಂಗಿಗಾದ ಮೋಸವನ್ನು ಹೇಳುತ್ತಾ ಮೆದುವಾಗಿ, ಕೊನೆಗೆ ಹಾರೈಕೆಯಲ್ಲಿ ಮುಗಿಯುತ್ತದೆ. ಕಹಿಯಲ್ಲಿ ಆರಂಭವಾದರೂ ಕಹಿಯಲ್ಲಿ ಮುಗಿಯಲಿಲ್ಲ ಎಂಬ ಅರ್ಥದ ಮಾತನ್ನು ಬಹಳ ಮುಂದೆ, 58ನೆಯ ಅಧ್ಯಾಯದಲ್ಲಿ, ಸ್ವತಃ ಎಲಿಜಬೆತ್ ಅವನಿಗೆ ಹೇಳುತ್ತಾಳೆ. ನನ್ನನ್ನು ಗೆದ್ದದ್ದು ಆ ಕರಗುವಿಕೆಯೇ. ವಾಚಕರು ಪತ್ರವನ್ನು ಮೊದಲಿನಿಂದ ಹಾರೈಕೆಯವರೆಗೂ ಒಂದೇ ತಣ್ಣನೆಯ ದನಿಯಲ್ಲಿ ಓದಿದರು. ನನ್ನ ಡಾರ್ಸಿ ಅಲ್ಲಿ ಬರಲೇ ಇಲ್ಲ.

ಇನ್ನೊಂದು ನೋವು ಇದಕ್ಕಿಂತ ದೊಡ್ಡದು. ಪತ್ರ ಓದಿದ ಎಲಿಜಬೆತ್ ಅದನ್ನು ಮಡಚಿಡುತ್ತಾಳೆ, ಅರ್ಧ ನಿಮಿಷದೊಳಗೆ ಮತ್ತೆ ಬಿಚ್ಚುತ್ತಾಳೆ, ಒಂದೊಂದು ವಾಕ್ಯವನ್ನೂ ತೂಗಿ ನೋಡುತ್ತಾಳೆ. ಅವಳ ಮನಸ್ಸು ತಿರುಗತೊಡಗುವುದು ಆ ಮರು ಓದಿನಲ್ಲಿ. ಪುಸ್ತಕ ಕೈಯಲ್ಲಿದ್ದರೆ ನಾನೂ ಬೆರಳನ್ನು ಹಾಳೆಯ ನಡುವೆ ಇಟ್ಟುಕೊಂಡು ಹಿಂದಕ್ಕೆ ಹೋಗುತ್ತೇನೆ; ಅವಳು ಅನುಮಾನಿಸಿದ ಸಾಲನ್ನು ನಾನೂ ಅನುಮಾನಿಸುತ್ತೇನೆ, ಅವಳು ನಾಚಿದಲ್ಲಿ ನಾನೂ ನಾಚುತ್ತೇನೆ. ಆಡಿಯೋದಲ್ಲಿ ಹಿಂದಕ್ಕೆ ಹೋಗುವ ಗುಂಡಿ ಒತ್ತಿದರೆ ಯಾವುದೋ ವಾಕ್ಯದ ನಡುವೆ ಹೋಗಿ ಬೀಳುತ್ತದೆ. ಮೂರು ಸಲ ಒತ್ತಿದೆ. ಮೂರು ಸಲವೂ ಅದೇ ದನಿ, ಅದೇ ವೇಗ. ಎಲಿಜಬೆತ್ ಮಾಡಿದ್ದನ್ನು ಅವಳ ಜೊತೆಗೆ ಮಾಡಲು ನನಗೆ ಸಾಧ್ಯವಾಗಲಿಲ್ಲ. ಅಂದು ರಾತ್ರಿಯೇ ಹಳೆಯ ಪ್ರತಿ ತೆರೆದು ಪತ್ರವನ್ನು ಎರಡು ಬಾರಿ ಓದಿದೆ. ಕೊನೆಯ ಸಾಲಿಗೆ ಬಂದಾಗ ಹದಿನೆಂಟರಲ್ಲಿ ತುಂಬಿದಂತೆಯೇ ಕಣ್ಣು ತುಂಬಿತು.

ನಾನು ಮಲಗುವ ಮುನ್ನ ಅರ್ಧ ಗಂಟೆ, ನಿಧಾನವಾಗಿ, ಹಿಂದೆ ಮುಂದೆ ಹೋಗುತ್ತಾ ಓದುವವಳು. ಪುಸ್ತಕಕ್ಕೆಂದು ತೆಗೆದಿಡುವ ಹಣವೂ ಕಡಿಮೆ. ಆ ಹಣಕ್ಕೆ ಯಾರೋ ಓದಿ ಬಿಟ್ಟ ಹಳೆಯ ಪ್ರತಿಯೇ ಸಾಕು. ನಡೆಯುತ್ತಲೋ ಅಡುಗೆ ಮಾಡುತ್ತಲೋ ಮಾತ್ರ ಬಿಡುವು ಸಿಗುವವರು ಆಡಿಯೋ ಕೊಳ್ಳಲಿ. ಆದರೆ ಒಮ್ಮೆ ಓದಿ, ನಾಯಕನಿಗೆ ತಮ್ಮದೇ ದನಿ ಕೊಟ್ಟ ಮೇಲೆ ಕೊಳ್ಳಲಿ.

ಕೊಂಡದ್ದನ್ನು ನಾನು ಅಳಿಸಿಲ್ಲ. ಕಾಲಿನ್ಸ್ ಬರುವ ಅಧ್ಯಾಯಗಳನ್ನು ಈಗಲೂ ಕೇಳುತ್ತೇನೆ. 34ನೆಯದು ಮುಗಿಯುತ್ತಿದ್ದಂತೆ ನಿಲ್ಲಿಸಿ ಪುಸ್ತಕ ತೆರೆಯುತ್ತೇನೆ.