ಬಳ್ಳಾರಿಯ ಬಿಸಿಲು, ಅದಿರಿನ ಧೂಳು ಮತ್ತು ಮೂರು ಬಗೆಯ ಎಂಜಿನ್ ಆಯಿಲ್

ಬಿಎಸ್-4 ಹೊಗೆ ನಿಯಮದ ಕಾಲದ ನನ್ನ ಡೀಸೆಲ್ ಥಾರ್ ಗಾಡಿಗೆ ಈ ಕೆಲವು ವರ್ಷಗಳಲ್ಲಿ ಮೂರು ಬಗೆಯ ಎಂಜಿನ್ ಆಯಿಲ್ ಹಾಕಿ ಓಡಿಸಿದ್ದೇನೆ: 15ಡಬ್ಲ್ಯು-40 ಮಿನರಲ್ (ಕಚ್ಚಾ ತೈಲವನ್ನು ಶುದ್ಧೀಕರಿಸಿ ತೆಗೆದದ್ದು), 5ಡಬ್ಲ್ಯು-40 ಪೂರ್ಣ ಸಿಂಥೆಟಿಕ್ (ರಾಸಾಯನಿಕ ಸಂಸ್ಕರಣೆಯಿಂದ ತಯಾರಿಸಿದ್ದು) ಮತ್ತು 5ಡಬ್ಲ್ಯು-30 ಸಿಂಥೆಟಿಕ್. ಗಾಡಿ ಓಡುವುದು ಬಳ್ಳಾರಿ ಪೇಟೆಯ ಟ್ರಾಫಿಕ್ಕಿನಲ್ಲಿ, ತೋರಣಗಲ್ಲು–ಸಂಡೂರು ರಸ್ತೆಯ ಅದಿರು ಲಾರಿಗಳ ಹಿಂದೆ, ಮಳೆ ಬಂದಾಗ ಸಿರುಗುಪ್ಪ ಕಡೆಯ ಎರೆಹೊಲಗಳ ದಾರಿಯಲ್ಲಿ. ಬೇರೆ ಊರಿನವರಿಗೆ ಒಪ್ಪುವ ಆಯಿಲ್ ಇಲ್ಲಿ ಒಪ್ಪಲೇಬೇಕೆಂದಿಲ್ಲ. ಆದ್ದರಿಂದ ಈ ಹೋಲಿಕೆಯನ್ನು ನಮ್ಮ ಭಾಗದ ಬಿಸಿಲು ಮತ್ತು ಧೂಳಿನ ಲೆಕ್ಕದಲ್ಲಿಯೇ ಓದಿಕೊಳ್ಳಬೇಕು.

ಡಬ್ಬಿಯ ಮೇಲಿನ ಅಂಕಿಗಳಲ್ಲಿ ಮೊದಲನೆಯದು ಚಳಿಗೆ ಸಂಬಂಧಿಸಿದ್ದು. 15ಡಬ್ಲ್ಯು ಆಯಿಲ್ ಎಂಜಿನ್ನನ್ನು ಸಲೀಸಾಗಿ ತಿರುಗಲು ಬಿಡುತ್ತದೆಯೇ ಎಂದು ಪರೀಕ್ಷಿಸುವುದು ಸೊನ್ನೆಗಿಂತ 20 ಡಿಗ್ರಿ ಕೆಳಗೆ, 5ಡಬ್ಲ್ಯು ಆಯಿಲನ್ನು 30 ಡಿಗ್ರಿ ಕೆಳಗೆ. ಪುಷ್ಯ ಮಾಸದ ನಸುಕಿನಲ್ಲೂ ಹದಿನೈದು ಡಿಗ್ರಿಯ ಆಸುಪಾಸಿನಲ್ಲೇ ಇರುವ ಬಳ್ಳಾರಿಯಲ್ಲಿ ಈ ವ್ಯತ್ಯಾಸಕ್ಕಾಗಿ ಹೆಚ್ಚಿನ ಹಣ ಕೊಡುವುದರಲ್ಲಿ ಅರ್ಥವಿಲ್ಲ. ಎರಡನೆಯ ಅಂಕಿ ಮಾತ್ರ ನಮಗೆ ಮುಖ್ಯ. ಅದು 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ: 30ರ ದರ್ಜೆಗೆ 9.3ರಿಂದ 12.5 ಸೆಂಟಿಸ್ಟೋಕ್ಸ್ (ಆಯಿಲ್ ದಪ್ಪದ ಅಳತೆ), 40ರ ದರ್ಜೆಗೆ 12.5ರಿಂದ 16.3.

15ಡಬ್ಲ್ಯು-40 ಮಿನರಲ್ ಆಯಿಲ್ ನಮ್ಮಲ್ಲಿ ಟ್ರ್ಯಾಕ್ಟರ್, ಟಿಪ್ಪರ್, ಜೀಪು ಎಲ್ಲದಕ್ಕೂ ನಡೆಯುವ ಆಯಿಲ್. ಹಳ್ಳಿಯ ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ. ಬೆಲೆ ಸಿಂಥೆಟಿಕ್‌ನ ಹೆಚ್ಚು ಕಡಿಮೆ ಅರ್ಧ. ಎಪಿಐ ಸಿಐ-4 ಪ್ಲಸ್ ದರ್ಜೆಯದನ್ನು (ಇದು ಡೀಸೆಲ್ ಆಯಿಲ್‌ಗೆ ಅಮೆರಿಕದ ಸಂಸ್ಥೆ ಕೊಡುವ ಗುಣಮಟ್ಟದ ಗುರುತು) ಹಾಕಿದಾಗ ಎಂಜಿನ್ನಿನ ಸದ್ದು ಮೂರರಲ್ಲಿ ಅತಿ ಮೃದುವಾಗಿತ್ತು, ಎಂಜಿನ್ನಿನ ಮೇಲಿನ ವಾಲ್ವ್ ಕವರಿನ ಅಂಚಿನಲ್ಲಿ ಆಯಿಲ್ ಜಿನುಗುವುದೂ ನಿಂತಿತ್ತು. ಹಾಕಿದ ಕೆಲವೇ ದಿನಗಳಲ್ಲಿ ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ ಮೇಲೆ ಕಾಡಿಗೆಯಂತೆ ಕಪ್ಪಾಗಿ ಕಾಣಿಸಿತು. ಇದನ್ನು ಕಂಡು ಗಾಬರಿಯಾಗಿ ಆಯಿಲ್ ಬದಲಿಸುವವರನ್ನು ನೋಡಿದ್ದೇನೆ. ಗ್ಯಾರೇಜಿನ ಮೆಕ್ಯಾನಿಕ್ ಹೇಳುವ ಮಾತು ಬೇರೆ: “ಡೀಸೆಲ್ ಗಾಡ್ಯಾಗ ಆಯಿಲ್ ಕರ್ರಗಾಗಲಿಲ್ಲ ಅಂದ್ರ ಅದು ಕೆಲಸ ಮಾಡ್ತಿಲ್ಲ ಅಂತ ತಿಳ್ಕೊಳ್ರಿ ಅಣ್ಣ.” ಡೀಸೆಲ್ ಉರಿದು ಹುಟ್ಟುವ ಮಸಿಯನ್ನು ಲೋಹಕ್ಕೆ ಅಂಟಲು ಬಿಡದೆ ತನ್ನಲ್ಲೇ ತೇಲಿಸಿಟ್ಟುಕೊಳ್ಳುವುದು ಆಯಿಲ್‌ನ ಕೆಲಸಗಳಲ್ಲೊಂದು, ಆದ್ದರಿಂದ ಅವರ ಮಾತು ಸರಿಯೇ. ಬಣ್ಣಕ್ಕಿಂತ ಬೆರಳಿಗೆ ತಾಗುವುದನ್ನು ನೋಡಬೇಕು. ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿದಾಗ ಜಾರುವಿಕೆಯ ನಡುವೆ ಸಣ್ಣ ಮರಳಿನಂಥ ತರಿ ಸಿಕ್ಕರೆ ಅದು ಮಸಿಯಲ್ಲ, ಧೂಳು. ಆಗ ಎಷ್ಟು ಕಿಲೋಮೀಟರ್ ಆಗಿದೆ ಎಂದು ಎಣಿಸುತ್ತ ಕೂರದೆ ಆಯಿಲ್ ಇಳಿಸಿಬಿಡಬೇಕು.

5ಡಬ್ಲ್ಯು-40 ಸಿಂಥೆಟಿಕ್ ತನ್ನ ಬೆಲೆಗೆ ತಕ್ಕ ಗುಣವನ್ನು ತೋರಿಸಿದ್ದು ಪೇಟೆಯಲ್ಲಲ್ಲ, ಎರೆಮಣ್ಣಿನಲ್ಲಿ. ಹಸಿ ಎರೆಯಲ್ಲಿ ಫೋರ್ ಲೋ (ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರು) ಹಾಕಿಕೊಂಡು ನಡಿಗೆಯ ವೇಗದಲ್ಲಿ ಸಾಗುವಾಗ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆದರೆ ರೇಡಿಯೇಟರಿಗೆ ಎದುರು ಗಾಳಿ ಸಿಗುವುದಿಲ್ಲ. ಚಕ್ರಕ್ಕೆ ಮೆತ್ತಿದ ಮಣ್ಣು ಬೇರೆ ಭಾರ ಹೆಚ್ಚಿಸುತ್ತದೆ. ಇಂಥ ಒಂದು ತಾಸಿನ ಬಳಿಕ ಗಾಡಿ ನಿಲ್ಲಿಸಿ ಐಡಲ್‌ಗೆ ಬಿಟ್ಟರೆ, ಮಿನರಲ್ ಆಯಿಲ್ ಇದ್ದಾಗ ಮೇಲಿನಿಂದ ಟಕಟಕ ಸದ್ದು ಸ್ವಲ್ಪ ಏರುತ್ತಿತ್ತು. ಸಿಂಥೆಟಿಕ್ ಇದ್ದಾಗ ಬೆಳಗಿನ ಸದ್ದಿಗೂ ಆಗಿನ ಸದ್ದಿಗೂ ವ್ಯತ್ಯಾಸ ಕಾಣಲಿಲ್ಲ. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊಗೂ ಇದರಿಂದ ಅನುಕೂಲವಿದೆ. ಎಂಜಿನ್ ಆಫ್ ಆದೊಡನೆ ಟರ್ಬೊದ ಬೇರಿಂಗಿನಲ್ಲಿ ಉಳಿದ ಆಯಿಲ್ ಕಾದ ಲೋಹದ ಮಧ್ಯೆ ಬೇಯುತ್ತದೆ, ಸಿಂಥೆಟಿಕ್ ಆಯಿಲ್ ಹಾಗೆ ಬೆಂದು ಕರಿಯಾಗಿ ಗಟ್ಟಿಕಟ್ಟುವುದು ಕಡಿಮೆ. ಆದರೂ ದೊಡ್ಡ ಓಟದ ಕೊನೆಯಲ್ಲಿ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡುವ ಅಭ್ಯಾಸವನ್ನು ಯಾವ ಆಯಿಲ್ ಇದ್ದರೂ ಬಿಡಬಾರದು.

5ಡಬ್ಲ್ಯು-30ರ ಬಗ್ಗೆ ನಮ್ಮಲ್ಲಿ “ಅದು ನೀರಿನಂಥ ಆಯಿಲ್” ಎಂಬ ತಿರಸ್ಕಾರವಿದೆ. ಇದು ಅರ್ಧ ನಿಜ. 150 ಡಿಗ್ರಿ ಬಿಸಿಯಲ್ಲಿ, ವೇಗವಾಗಿ ಜಾರುವ ಲೋಹಗಳ ನಡುವೆ ಆಯಿಲ್‌ನ ಪದರ ಎಷ್ಟು ಗಟ್ಟಿ ಎಂಬುದಕ್ಕೆ ಬೇರೊಂದು ಅಳತೆಯಿದೆ. 15ಡಬ್ಲ್ಯು-40ಕ್ಕೆ ಅದು ಕನಿಷ್ಠ 3.7 ಇರಬೇಕು, ಸಾಮಾನ್ಯ 30ರ ದರ್ಜೆಗೆ 2.9 ಸಾಕು, ಆದರೆ ಎಸಿಇಎ ಸಿ3 (ಯುರೋಪಿನ ಗುಣಮಟ್ಟದ ಗುರುತು) ಎಂದು ಬರೆದಿರುವ 5ಡಬ್ಲ್ಯು-30ಕ್ಕೆ ಕನಿಷ್ಠ 3.5 ಬೇಕೇ ಬೇಕು. ಅಂದರೆ ಒಂದೇ 5ಡಬ್ಲ್ಯು-30 ಹೆಸರಿನ ಎರಡು ಡಬ್ಬಿಗಳ ನಡುವೆ ಗಣನೀಯ ಅಂತರವಿರಬಹುದು. ನಾನು ಹಾಕಿದ್ದು ಸಿ3. ಎಂಜಿನ್ ಹಗುರವಾಗಿ ತಿರುಗಿತು, ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ, ನಿಂತಿದ್ದ ಜಿನುಗು ಮತ್ತೆ ಶುರುವಾಯಿತು. ಬಹಳ ಓಡಿದ ಎಂಜಿನ್ನಿಗೆ, ಅದೂ ಕೈಪಿಡಿಯಲ್ಲಿ 40ರ ದರ್ಜೆಯನ್ನೇ ಸೂಚಿಸಿರುವಾಗ, ಇದನ್ನು ನಾನು ಮತ್ತೆ ಹಾಕುವುದಿಲ್ಲ.

ಸಿಂಥೆಟಿಕ್ ಮಾರುವವರ ದೊಡ್ಡ ವಾದವೆಂದರೆ ಹೆಚ್ಚು ಕಿಲೋಮೀಟರ್ ಬರುತ್ತದೆ ಎಂಬುದು. ಶುದ್ಧ ಗಾಳಿಯ ಹೆದ್ದಾರಿಯಲ್ಲಿ ಅದು ನಿಜವಿರಬಹುದು. ಸಂಡೂರು ದಾರಿಯಲ್ಲಿ ಆಯಿಲ್ ಕೆಡುವುದು ಬಿಸಿಯಿಂದ ಸವೆದು ಅಲ್ಲ, ಕೆಂಧೂಳು ಸೇರಿ. ಹೆಮಟೈಟ್ ಅದಿರಿನ ಕಣ ಎಂಜಿನ್ ಬೇರಿಂಗಿನ ಲೋಹಕ್ಕಿಂತ ಎಷ್ಟೋ ಗಡುಸು, ಮಣ್ಣಿನ ಬೆಣಚು ಅದಕ್ಕಿಂತಲೂ ಗಡುಸು. ಇವು ಒಳಗೆ ಹೋದ ಮೇಲೆ ದುಬಾರಿ ಆಯಿಲ್ ಆದರೂ ಅಗ್ಗದ ಆಯಿಲ್ ಆದರೂ ಅವುಗಳನ್ನು ಹೊತ್ತು ತಿರುಗಿಸುತ್ತಲೇ ಇರುತ್ತದೆ. ಏರ್ ಫಿಲ್ಟರನ್ನು ಬಿಚ್ಚಿದಾಗ ಹೊರಮೈ ಕೆಂಪಾಗಿದ್ದರೆ ಚಿಂತೆಯಿಲ್ಲ, ಅದರ ಕೆಲಸವೇ ಅದು. ಫಿಲ್ಟರಿನ ಒಳಬದಿಯಲ್ಲಿ, ಟರ್ಬೊಗೆ ಹೋಗುವ ಪೈಪಿನಲ್ಲಿ ಬೆರಳಾಡಿಸಿದಾಗ ಕೆಂಪು ಹತ್ತಿದರೆ ಮಾತ್ರ ಕ್ಲಿಪ್ಪು, ಸೀಲು ಎಲ್ಲವನ್ನೂ ಆಗಲೇ ಪರೀಕ್ಷಿಸಬೇಕು. ಆದ್ದರಿಂದ ನನ್ನ ತೀರ್ಮಾನ ಹೀಗಿದೆ: ಹಳೆಯ ಗಾಡಿಗೆ ಒಳ್ಳೆಯ 15ಡಬ್ಲ್ಯು-40, ಕೈಪಿಡಿಯ ಸಾಮಾನ್ಯ ಅವಧಿಯ ಅರ್ಧಕ್ಕೇ ಬದಲಾವಣೆ, ಪ್ರತಿ ಬಾರಿಯೂ ಹೊಸ ಆಯಿಲ್ ಫಿಲ್ಟರ್. ಸಿಂಥೆಟಿಕ್ ಡಬ್ಬಿಗೆ ಕೊಡುವ ಹಣದಲ್ಲಿ ಇದು ಎರಡು ಬಾರಿ ಆಗುತ್ತದೆ. ಗಾಡಿಯನ್ನು ಹೆಚ್ಚಾಗಿ ಫೋರ್ ಲೋದಲ್ಲೇ ದುಡಿಸುವವರು 5ಡಬ್ಲ್ಯು-40 ಹಾಕಲಿ, ಆದರೆ ಅವಧಿಯನ್ನು ಮಾತ್ರ ಹಿಗ್ಗಿಸಬಾರದು.

2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಗಾಡಿಗಳಿಗೆ ಈ ತೀರ್ಮಾನ ಅನ್ವಯಿಸುವುದಿಲ್ಲ. ಅವುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಹಿಡಿದ ಮಸಿಯನ್ನು ಅದು ಸುಟ್ಟುಹಾಕಬಲ್ಲದು, ಆದರೆ ಆಯಿಲ್‌ನ ಸೇರ್ಪಡೆಗಳು ಉರಿದು ಉಳಿಯುವ ಬೂದಿಯನ್ನು ಸುಡಲಾರದು. ಸಿ3ಯಲ್ಲಿ ಈ ಬೂದಿ ಶೇ 0.8 ಮೀರುವಂತಿಲ್ಲ, ಎಪಿಐನ ಹೊಸ ದರ್ಜೆಯಾದ ಸಿಕೆ-4ರಲ್ಲಿ ಶೇ 1. ಹಳೆಯ ಸಿಐ-4ಕ್ಕೆ ಅಂಥ ಮಿತಿಯಿಲ್ಲ. ನನ್ನ ಭಾವ ತನ್ನ ಹೊಸ ಫೋರ್ ಬೈ ಫೋರ್‌ಗೆ ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಉಳಿದ ಆಯಿಲನ್ನು ಟಾಪ್ ಅಪ್ ಮಾಡಲು ಹೊರಟಾಗ ನಾನು ತಡೆದದ್ದು ಇದೇ ಕಾರಣಕ್ಕೆ. ಅಂಥ ಗಾಡಿಯಲ್ಲಿ ಡಿಪ್‌ಸ್ಟಿಕ್‌ನ ಮಟ್ಟ ಇಳಿಯುವುದನ್ನಷ್ಟೇ ಅಲ್ಲ, ಏರುವುದನ್ನೂ ನೋಡಬೇಕು: ಪೇಟೆಯ ಸಣ್ಣ ಓಟಗಳಲ್ಲಿ ಡಿಪಿಎಫ್ ಸುಡುವ ಕ್ರಿಯೆ ಮತ್ತೆ ಮತ್ತೆ ಅರ್ಧಕ್ಕೆ ನಿಂತರೆ ಅದಕ್ಕಾಗಿ ಎಂಜಿನ್ನಿಗೆ ಹೆಚ್ಚುವರಿಯಾಗಿ ಬಿಟ್ಟ ಡೀಸೆಲ್ ಇಳಿದು ಆಯಿಲ್‌ಗೆ ಬೆರೆಯುತ್ತದೆ. ಮೇಲಿನ ಗೆರೆಯನ್ನು ದಾಟಿದ್ದರೆ ಗಾಡಿಯನ್ನು ಮುಂದಕ್ಕೆ ಓಡಿಸದೆ ಆಯಿಲ್ ಬದಲಿಸಬೇಕು.