ಕಿಬ್ಬರ್ ಹೋಮ್‌ಸ್ಟೇ: ಬಿಸಿನೀರು ಒಂದೇ ಬಕೆಟ್, ನೋಟ ಮಾತ್ರ ಭರ್ಜರಿ

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಕಿಬ್ಬರ್‌ನಲ್ಲಿ ಒಂದು ಹೋಮ್‌ಸ್ಟೇಯಲ್ಲಿ ಮೂರು ರಾತ್ರಿ ಇದ್ದೆವು. ಎತ್ತರ 4,200 ಮೀಟರ್ ಹತ್ತಿರ, ಮೊದಲ ದಿನ ತಲೆನೋವು ಗ್ಯಾರಂಟಿ. ಬಿಸಿನೀರು ಕೇಳಿದ ಅರ್ಧ ಗಂಟೆಗೆ ಬರುತ್ತದೆ, ಅದೂ ಒಂದೇ ಬಕೆಟ್. ತುಕ್ಪಾ (ನೂಡಲ್ಸ್ ಸೂಪ್) ಚೆನ್ನಾಗಿತ್ತು.

ನಾನು ಹೋಗಿದ್ದು ಭರಲ್ ನೋಡಲು. ಕಾಡುಕುರಿ, ಹಿಮಚಿರತೆಯ ಮುಖ್ಯ ಆಹಾರ. ಊರಿನ ಯಾಕ್, ಕುರಿ, ಮೇಕೆ, ಕತ್ತೆ ಮೇಯುವ ಹುಲ್ಲನ್ನೇ ಇವೂ ನಂಬಿಕೊಂಡಿವೆ, ಸಾಕುಪ್ರಾಣಿ ಜಾಸ್ತಿಯಾದ ಕಡೆ ಭರಲ್ ಕಡಿಮೆ ಅಂತ ಇಲ್ಲೇ ವರ್ಷಗಟ್ಟಲೆ ಅಧ್ಯಯನ ಮಾಡಿ ತೋರಿಸಿದವರು ವನ್ಯಜೀವಿ ವಿಜ್ಞಾನಿ ಚಾರುದತ್ತ ಮಿಶ್ರಾ. ಅವರ ಸಂಸ್ಥೆ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಮ್ಮ ಮೈಸೂರಿನದು, ಗೊತ್ತಿತ್ತಾ? 1990ರ ದಶಕದ ಕೊನೆಗೆ ಊರಿನವರ ಜೊತೆ ಮಾತಾಡಿ, ಒಂದಿಷ್ಟು ಹುಲ್ಲುಗಾವಲನ್ನು ಮೇಯಿಸದೆ ಬಿಡುವ ಒಪ್ಪಂದ ಮಾಡಿಕೊಂಡರು. ಬೇಲಿ ಹಾಕಿ ಜನರನ್ನು ಓಡಿಸಲಿಲ್ಲ, ಅದು ನನಗೆ ತುಂಬಾ ಹಿಡಿಸಿತು. ಅಲ್ಲಿ ಭರಲ್ ಹೆಚ್ಚಾದವು.

ಮನೆಯಾಕೆ ಚಹಾ ಕೊಡುತ್ತಾ ಸುಮ್ನೆ ಕಿಟಕಿಯತ್ತ ಕೈ ತೋರಿಸಿದರು: ಎದುರು ಇಳಿಜಾರಿನಲ್ಲಿ ಹದಿನೇಳು ಭರಲ್! ಬೈನಾಕ್ಯುಲರ್ ಮರೆಯಬೇಡಿ, ಅವರ ಹತ್ತಿರ ಇದ್ದದ್ದು ಒಂದೇ ಕಣ್ಣಿನದು. ನನ್ನ ಲೆಕ್ಕದಲ್ಲಿ 5ಕ್ಕೆ 4. ಕಳೆದ ಒಂದು ಅಂಕ ಆ ಬಕೆಟ್‌ಗೆ.